ಭರಣಿ, ಎರಡು ಸ್ಟ್ರಾ

ವಾಸ್ಕೋ ಪಕ್ಕದ ಜುವಾರಿನಗರ, ಕನ್ನಡ ಶಾಲೆ, ಏಳನೆಯ ತರಗತಿ.
ಉಪ್ಪಿನಕಾಯಿ ವಾಸನೆ ಇನ್ನೂ ಬಿಡದ ಗಾಜಿನ ಭರಣಿಗೆ
ಕೆಳಗೆ ಜಲ್ಲಿ, ಮೇಲೆ ಮರಳು, ಅದರ ಮೇಲೆ
ಶಾಲೆಯ ಹಿಂದಿನ ಕೆಂಪು ಮುರಕಲ್ಲಿನ ಪುಡಿ.
ಒಂದು ಲೋಟ ನೀರು ಹೊಯ್ದೆ. ಇಳಿಯಿತು, ಕಾಣದಾಯಿತು.
‘ಎಲ್ಲಿ ಹೋಯ್ತು?’
‘ನೆಲಾ ಕುಡೀತ್ರಿ ಟೀಚರ್’ ಎಂದಳು ದುರಗವ್ವ.

ಸ್ಟ್ರಾ ಚುಚ್ಚಿದೆ: ಒಂದು ಗಿಡ್ಡ, ಒಂದು ಉದ್ದ.
ಗಿಡ್ಡದ್ದು ಬಾವಿ. ಉದ್ದದ್ದು ಗುಡ್ಡದ ಮೇಲಿನ ಹೋಟೆಲಿನ ಬೋರು,
ಅಲ್ಲಿ ಈಜುಕೊಳ ನೀಲಿಯಾಗಿರಬೇಕಲ್ಲ.
ಮೌಲಾಲಿ ಉದ್ದದ್ದನ್ನು ಹೀರಿದ, ಕೆನ್ನೆ ಗುಳಿಬೀಳುವ ಹಾಗೆ.
ದುರಗವ್ವನ ಬಾಯಿಗೆ ಬಂದದ್ದು ಗಾಳಿ, ಗೊರಗೊರ ಸದ್ದು.
ತರಗತಿಯೆಲ್ಲ ನಕ್ಕಿತು. ಅವಳು ನಗಲಿಲ್ಲ;
ನಿನ್ನೆ ಟ್ಯಾಂಕರಿಗೆ ಕಾದು ಕೊಡ ತುಂಬುವಾಗ
ರಾತ್ರಿ ಹನ್ನೊಂದಾಗಿತ್ತಂತೆ.

ಆಮೇಲೆ ಭರಣಿಯ ಅಂಚಿಗೆ, ಸಮುದ್ರವೆಂದು,
ಉಪ್ಪುನೀರಿಗೆ ನೀಲಿ ಶಾಯಿ ಬೆರೆಸಿ ಸುರಿದೆ.
‘ಈಗ ಹೀರಬೇಡಿ, ಬರೀ ನೋಡಿ.’
ನೀಲಿ ಮೆಲ್ಲಗೆ ಮರಳೊಳಗೆ ತೆವಳಿತು,
ಖಾಲಿಯಾದ ಜಾಗ ಯಾವುದೆಂದು
ಅದಕ್ಕೆ ಯಾರೋ ಮೊದಲೇ ಹೇಳಿಕೊಟ್ಟ ಹಾಗೆ.

ಮೌಲಾಲಿಯ ಅಪ್ಪನದು ಬೋರ್ ಗಾಡಿಯ ಮೇಲೆ ಕೆಲಸ.
‘ಹಂಗಾರ ನಮ್ಮಪ್ಪ ಮಾಡೋದು ತಪ್ಪೇನ್ರಿ?’
ಪಾಠದ ಕೊನೆಯ ಅಭ್ಯಾಸದಲ್ಲಿ ಈ ಪ್ರಶ್ನೆ ಇಲ್ಲ.
ಗಂಟೆ ಹೊಡೆಯಲಿ ಅಂದುಕೊಂಡೆ. ಹೊಡೆಯಲಿಲ್ಲ.

ಪರೀಕ್ಷೆಯಲ್ಲಿ ಬರೆದಿದ್ದ: ‘ಅಂತರ್ಜಲ ಎಂದರೆ
ಮುನ್ನೂರೈವತ್ತು ಅಡಿಗೆ ನಮ್ಮಪ್ಪನ ಕಿವಿಗೆ ಕೇಳುವ ಸದ್ದು.
ಮೊದಲು ನೂರಕ್ಕೇ ಕೇಳುತ್ತಿತ್ತು.’
ಎರಡಂಕದ ಪ್ರಶ್ನೆ.
ಎರಡೂ ಕೊಟ್ಟೆ. ಕೆಂಪು ಪೆನ್ನು ಸ್ವಲ್ಪ ಹೊತ್ತು
ಅಲ್ಲೇ ನಿಂತಿತ್ತು,
ಶಾಯಿ ಕಾಗದಕ್ಕೆ ಇಂಗುತ್ತ.