ಕ್ರಾಸ್ ಕಟ್

ಹೂಟಗಳ್ಳಿಯ ಶೆಡ್ಡಿನಲ್ಲಿ ರಾತ್ರಿ ಹನ್ನೊಂದೂವರೆ.
ಪರದೆಯ ಮೇಲೊಂದು ಬಟ್ಟೆ ಇಳಿಯುತ್ತಿದೆ,
ಇಷ್ಟೇ ಇಷ್ಟು ಇಳಿದು, ನಿಂತು,
ಲೆಕ್ಕ ಹಾಕಿ, ಮತ್ತೆ ಇಷ್ಟು.
ಕೆಳಗೆ ಅಚ್ಚು, ಬೋರಲು ಹಾಕಿದ ಬಾಣಲೆ;
ಗಟ್ಟಿಯಾದ ಮೇಲೆ ಡ್ರೋನಿನ ಮೂತಿ.

ಕಾರ್ಬನ್ ನೂಲು ಹಿಗ್ಗುವ ಜಾತಿಯಲ್ಲ.
ಬಗ್ಗಿಸಿದರೆ ಬಗ್ಗುತ್ತದೆ,
ಉದ್ದದಲ್ಲಿ ಕೂದಲೆಳೆಯಷ್ಟೂ ಬಿಟ್ಟುಕೊಡದು.
ಉಬ್ಬಿಗೆ ಒಗ್ಗಲು ಅದಕ್ಕಿರುವುದೊಂದೇ ದಾರಿ:
ಹಾಸು ಹೊಕ್ಕು ಸೇರುವಲ್ಲಿ ಓರೆಯಾಗುವುದು.
ಚೌಕ ವಾಲುತ್ತದೆ, ಕೀಲು ಸಡಿಲಾದ ಹಗ್ಗದ ಮಂಚದಂತೆ,
ತೊಂಬತ್ತು, ಎಪ್ಪತ್ತು, ಐವತ್ತು...
ಆಮೇಲೆ ನೂಲಿಗೆ ನೂಲು ಭುಜ ತಾಗಿ
ಒಳಗೆ ಜಾಗ ಮುಗಿದು
ಬಟ್ಟೆ ಮೇಲಕ್ಕೇಳುತ್ತದೆ.
ಸುಕ್ಕು.

ನನ್ನ ಜಾಲರಿ ಅದನ್ನು ಕೆಂಪಾಗಿ ತೋರಿಸಿತು.
ಅಚ್ಚಿನ ಮೇಲೆ ನಿಜವಾಗಿ ಎದ್ದದ್ದು ಎರಡು ಬೆರಳು ಆಚೆ.
ಆ ಎರಡು ಬೆರಳಿಗೆ ಮೂರು ವಾರ.
ಘರ್ಷಣೆ ಏರಿಸಿದೆ, ಇಳಿಸಿದೆ,
ಇನ್ನೂ ಸಣ್ಣ ಕಣ್ಣಿನ ಜಾಲರಿ ಹೆಣೆದೆ; ಕರೆಂಟು ಹೋಗಿ
ಯುಪಿಎಸ್ಸು ಕುಂಯ್‌ಗುಟ್ಟಿ ಒಂದಿಡೀ ರಾತ್ರಿ ನೀರುಪಾಲು.

ಇವತ್ತು ಬೆಳಗಿನ ಪಾಳಿಗೆ ಕೆಂಪಾಜಮ್ಮಣ್ಣಿ ಬಂದರು.
ಪದರ ಹಾಸುವವರು. ಮೊದಲು ಇಲವಾಲದಲ್ಲಿ
ಹದಿನೆಂಟು ವರ್ಷ ರವಿಕೆ ಹೊಲಿದವರು.
ಕನ್ನಡಕ ಏರಿಸಿ ಪರದೆ ನೋಡಿ,
"ನೇರಕ್ಕೆ ಹಾಕಿದ್ದೀಯಲ್ಲಪ್ಪ, ಕ್ರಾಸ್ ಕಟ್ ಮಾಡು,
ಇಲ್ದಿದ್ರೆ ಕಂಕುಳಲ್ಲಿ ನೆರಿಗೆ ನಿಲ್ಲುತ್ತೆ" ಅಂದರು.
ನಲವತ್ತೈದು ಡಿಗ್ರಿ, ಅಂದೆ.
"ಅದೇನೋ. ಕ್ರಾಸು."

ತಿರುಗಿಸಿದೆ. ಸುಕ್ಕು ಸಾಯಲಿಲ್ಲ;
ಅಂಚಿಗೆ, ಕತ್ತರಿಸಿ ಬಿಸಾಡುವ ಪಟ್ಟಿಗೆ ಸರಿದು ಕೂತಿತು.
ಮಧ್ಯಾಹ್ನ ಅವರು ಹಾಗೇ ಹಾಸಿದರು. ಅಲ್ಲೂ ಪಟ್ಟಿಯಲ್ಲೇ ಎದ್ದಿತು,
ನನ್ನ ಗುರುತಿನಿಂದ ಮತ್ತೆ ಎರಡು ಬೆರಳು ಆಚೆ.

ಎರಡನೇ ಪದರಕ್ಕೆ ಪಕ್ಕದಲ್ಲೇ ನಿಂತೆ.
ಉಬ್ಬಿನ ನೆತ್ತಿಯಿಂದ ಹೊರಕ್ಕೆ
ಹೆಬ್ಬೆರಳ ಬುಡದಲ್ಲಿ ನೀವುತ್ತ ಬರುತ್ತಾರೆ,
ಎಡಗೈ ಬಲಗೈಗಿಂತ ಒಂದು ಉಸಿರು ಮುಂಚೆ.
ನನ್ನ ಲೆಕ್ಕದಲ್ಲಿ ಎರಡೂ ಕಡೆ ಒಟ್ಟಿಗೇ ಒತ್ತುತ್ತಿತ್ತು.

ಎಡಚರಾ ನೀವು?
"ಚಿಕ್ಕೋಳಿದ್ದಾಗ ಬರೆ ಹಾಕಿದ್ರು. ಊಟಕ್ಕೆ ಮಾತ್ರ ಬಿಟ್ಟೆ."

ನಾಲ್ಕಕ್ಕೆ ವ್ಯಾನು. ಕರಿ ಎಳೆಯ ಪುಡಿ ಚುಚ್ಚಿದ ತೋಳು
ಕೆರೆದುಕೊಂಡು, ಮಣಿಕಟ್ಟಿಗೆ ಕೊಬ್ಬರಿ ಎಣ್ಣೆ ಸವರಿ
ಹೊರಟರು.

ಈಗ ಎಡಗಡೆಗೆ ಒಂದು ಉಸಿರಿನಷ್ಟು ಮೊದಲೇ
ಒತ್ತಡ ಬರೆದು ಓಡಲು ಬಿಟ್ಟಿದ್ದೇನೆ.
ಬಟ್ಟೆ ಇಳಿಯುತ್ತಿದೆ.
ಇನ್ನೂ ಅರ್ಧ ದಾರಿ.