ಏಳು ಗಂಟೆಯ ಪಾಠ

ರೂಬೆ ಊರಿನಲ್ಲಿ, ಲಾಂಡ್ರಿಯ ಮೇಲಿನ ಕೋಣೆ.
ಕೆಳಗೆ ಯಂತ್ರ ಜೋರಾಗಿ ತಿರುಗಿದರೆ ನನ್ನ ಹಲಗೆ ನಡುಗುತ್ತದೆ,
ಬರೆದ ಕ್ರಿಯಾಪದಗಳ ಬಾಲ ಅಲ್ಲಾಡುತ್ತದೆ.
ಮೂವತ್ತೊಂದು ವರ್ಷ ಅಂಚೆ ಕಚೇರಿಯಲ್ಲಿ ಮುದ್ರೆ ಒತ್ತಿದವಳು ನಾನು.
ಫ್ರೆಂಚ್ ನನಗೆ ಮೊಣಕೈ ಇದ್ದ ಹಾಗೆ:
ಹೇಗೆ ಮಡಚುತ್ತದೆ ಎಂದು ಕೇಳಿದರೆ
ಮಡಚಿ ತೋರಿಸಬಲ್ಲೆ, ಅಷ್ಟೇ.

ಗುಲಾಘಾ ಗಾರೆ ಮೆತ್ತಿದ ಕೈಯನ್ನೇ ಎತ್ತುತ್ತಾನೆ.
ಗೋಡೆ ಗಂಡು, ಒಪ್ಪಿದೆ.
ಒಳಗಿನ ಇಟ್ಟಿಗೆ ಏಕೆ ಹೆಣ್ಣು? ನಡುವಿನ ಗಾರೆ ಮತ್ತೆ ಗಂಡು?
"ಬೆಳಿಗ್ಗೆ ನಾನು ಕಟ್ಟುವಾಗ
ಅವು ಹೀಗೆಲ್ಲ ಇರಲಿಲ್ಲ, ಮೇಡಂ."

ಬೇಕರಿಯ ನೆಸ್ತಾನ್‌ಗೆ 'ಪ್ಲ್ಯು' ಮೇಲೆ ಸಿಟ್ಟು.
ಕೊನೆಯ ಸಕಾರ ಉಚ್ಚರಿಸಿದರೆ ಇನ್ನಷ್ಟು,
ನುಂಗಿಕೊಂಡರೆ ಇನ್ನಿಲ್ಲ.
ಯಜಮಾನ ನುಂಗಿದ್ದನ್ನು ಇವಳು ಕೇಳಿಸಿಕೊಂಡುಬಿಟ್ಟಳು:
ನಡುರಾತ್ರಿ ನಲವತ್ತು ರೊಟ್ಟಿ ಹೆಚ್ಚಿಗೆ ಬೆಂದವು.
ಉಳಿದದ್ದನ್ನು ಇಲ್ಲಿಗೆ ತಂದಿದ್ದಾಳೆ, ತಿನ್ನುತ್ತಲೇ ನಗುತ್ತೇವೆ.

ಮುದುಕ ಸುಲುಂಬೆಕ್ ನಗುವುದಿಲ್ಲ. ಅವನದು ತತ್ವದ ಪ್ರಶ್ನೆ.
"ದೇವರಿಗೆ ನೀನು, ನಾಯಿಗೂ ನೀನು,
ಕೌಂಟರಿನ ಹಿಂದಿನ ಹುಡುಗನಿಗೆ ಮಾತ್ರ ನೀವು?"
ಹೌದು.
"ಅರ್ಥವಾಯಿತು," ಎಂದು ಪುಸ್ತಕದಲ್ಲಿ
ಏನೋ ಉದ್ದವಾಗಿ ಬರೆದುಕೊಳ್ಳುತ್ತಾನೆ.

ಸೆಮ್ಹರ್ ಕೋಟು ಬಿಚ್ಚುವುದಿಲ್ಲ, ಹೀಟರಿನ ಪಕ್ಕದ ಕುರ್ಚಿ ಬಿಡುವುದಿಲ್ಲ.
ಅಕ್ಟೋಬರಿನಿಂದ ಏನೂ ಕೇಳಿದವಳಲ್ಲ.
ಇವತ್ತು ಹಲಗೆಯ ಮೇಲೆ ನಾನು
ಹೋಗು, ಬಾ, ಹುಟ್ಟು, ಸಾಯು
ಸಾಲಾಗಿ ಬರೆದು, ಇವೆಲ್ಲ 'ಇರು' ಎಂಬುದರ ಕೈ ಹಿಡಿದೇ
ಭೂತಕಾಲಕ್ಕೆ ದಾಟುತ್ತವೆ, ಎಂದೆ.

"ಕಾಣೆಯಾಗು?"

ಸೀಮೆಸುಣ್ಣ ನಿಂತಿತು.
ಅದು ಸಾಮಾನ್ಯವಾಗಿ ಇನ್ನೊಂದು ಗುಂಪಿನದು, ಎಂದೆ.
ಒಮ್ಮೊಮ್ಮೆ ಇದರಲ್ಲೂ ಬರುತ್ತದೆ.
"ಯಾವಾಗ ಯಾವುದು?"
ಒಂದು ದಿನ ನಡೆದದ್ದಾದರೆ ಅದು,
ಹಾಗೆಯೇ ಉಳಿದುಬಿಟ್ಟಿದ್ದರೆ ಇದು.
ನನ್ನ ಬಾಯಲ್ಲಿ ಇಂಥ ನಿಯಮ ಇತ್ತೆಂದು ನನಗೇ ಗೊತ್ತಿರಲಿಲ್ಲ.

ಅವಳು ಅರ್ಜಿಯ ಹಾಳೆ ಬಿಡಿಸಿ ನನ್ನತ್ತ ತಿರುಗಿಸಿದಳು.
ಗಂಡನ ವಿವರಕ್ಕೆ ಬೆರಳುದ್ದದ ಜಾಗ. ಪೆನ್ಸಿಲಿನಲ್ಲಿ:
ಆರು ವರ್ಷದಿಂದ ಅವನಿಗಾಗಿ ಕಾದೆ.
ಅಭ್ಯಾಸಬಲ. ಕೆಂಪು ಪೆನ್ನು ಗೀಟು ಎಳೆದೇಬಿಟ್ಟಿತು.
'ದೆಪ್ವಿ' ಬಂದರೆ ಭೂತಕಾಲ ಬೇಡ, ಸೆಮ್ಹರ್,
ಇನ್ನೂ ಮುಗಿಯದ್ದಕ್ಕೆ ವರ್ತಮಾನವೇ,
ಎಂದು ಹೇಳುತ್ತ ಹೇಳುತ್ತ
ನನ್ನ ದನಿ ಸಣ್ಣಗಾಯಿತು.

ಕೆಳಗೆ ಯಂತ್ರ ನಿಂತಿತ್ತು.
ಗುಲಾಘಾ ಉಗುರಿನ ಗಾರೆ ಕೆರೆಯುತ್ತಿದ್ದ.
ಅವಳು ಕ್ರಿಯಾಪದವನ್ನಷ್ಟೇ ಅಳಿಸಿ,
ಪುಡಿ ಊದಿ, ಹೊಸದು ಬರೆದಳು:
ಕಾಯುತ್ತೇನೆ.
ಓದಿ ನೋಡಿದಳು. ಪರವಾಗಿಲ್ಲ ಎನ್ನುವಂತೆ ತಲೆಯಾಡಿಸಿದಳು.

ಎಲ್ಲರೂ ಇಳಿದು ಹೋದ ಮೇಲೆ, ಬಾಗಿಲಲ್ಲಿ ನಿಂತು,
"ಮೇ ತಿಂಗಳಿಗೆ ಏಳಾಗುತ್ತದೆ.
ಆಗ ಈ ವಾಕ್ಯ ನಡೆಯುತ್ತದಾ?"

ನಡೆಯುತ್ತದೆ.
ಸಂಖ್ಯೆ ಮಾತ್ರ ಬದಲಿಸಿ, ಎಂದೆ.