ಹದಿನೈದು ಸೆಕೆಂಡು

ಕಾರ್ಡಿನಲ್ಲಿ ಮೂರು ಖಾನೆ: ಕಾಲ, ಶ್ರುತಿ, ಭಾವ.
ನನಗಿಂತ ಮೊದಲು ಈ ಕುರ್ಚಿಯಲ್ಲಿ ಕೂತಿದ್ದವರು
ಸೀಸದ ಕಡ್ಡಿಯಲ್ಲಿ ಬರೆದಿಟ್ಟು ಹೋಗಿದ್ದಾರೆ:
ಚುರುಕು. ಇ ಫ್ಲ್ಯಾಟ್ ಮೈನರ್. ಎಳೆಬಿಸಿಲು.

ಹಾಡಿದವಳು ಔನೆ ರಿಸ್ತೊಲಾ.
ಮೂವತ್ತೆಂಟನೇ ಇಸವಿ, ಫೆಬ್ರವರಿ,
ತುರ್ಕು ಬಂದರಿನ ಹಿಂಬದಿಯ ಚರ್ಚು,
ಕೋಟು ಕಳಚದೆಯೇ ಪಿಟೀಲು ಹಿಡಿದ
ನಲವತ್ತೊಂದು ಮಂದಿ.
ಒಲೆ ಆರಿಸಿದ್ದರಂತೆ,
ಕಾದ ಕಬ್ಬಿಣ ಚಿಟಚಿಟ ಅಂದೀತೆಂದು.
ಹಾಡು ಇಷ್ಟೇ: ಹೆಂಗಸೊಬ್ಬಳು ಸರೋವರದ ದಂಡೆಯಲ್ಲಿ
ನೀರ್ಗಲ್ಲು ಒಡೆಯುವುದನ್ನು ಕಾಯುತ್ತಾಳೆ.
ಒಡೆಯುವುದಿಲ್ಲ.

ಕಾಯುವವಳಿಗೆ ಇಷ್ಟೇಕೆ ಅವಸರ
ಎಂದು ಯಾರೂ ಕೇಳಲಿಲ್ಲ.
ಹನ್ನೊಂದು ವರ್ಷ ನಾನೂ ಕೇಳಲಿಲ್ಲ.
ಐವತ್ತೊಂದರ ಹೆಂಗಸಿಗೆ ಹದಿನೆಂಟರ ಕಂಠ
ಎಂದು ಆ ಕಾಲದ ಪತ್ರಿಕೆ ಬೆರಗಾಗಿತ್ತು.
ಬೆರಗನ್ನು ನಾವೂ ಜೋಪಾನ ಮಾಡಿದೆವು,
ಕತ್ತರಿಸಿ, ಅಂಟಿಸಿ, ದಿನಾಂಕ ಹಾಕಿ.

ಮಗಳು ಇರ್ಯಾ ಮಾತ್ರ ವರ್ಷಕ್ಕೊಂದು ಕಾಗದ ಹಾಕುತ್ತಿದ್ದಳು:
‘ಹೆಸರು ಅಮ್ಮನದು. ದನಿ ಅಮ್ಮನದಲ್ಲ. ತಿದ್ದಿ.’
ಅರಳುಮರಳೆಂದುಕೊಂಡು
ಅದಕ್ಕೂ ಒಂದು ಕಡತ ಮಾಡಿದ್ದೆವು.

ಮೂರನೇ ಚರಣದ ಕೊನೆಗೆ, ಓಬೋ ಉಸಿರೆಳೆಯುವ ಸಂದಿನಲ್ಲಿ
ಗಂಟೆಯೊಂದು ಢಣ್ ಅನ್ನುತ್ತದೆ.
ಹಗ್ಗ ಕಟ್ಟಿಡಲು ಯಾರೋ ಮರೆತದ್ದು.
ಆ ಮರೆವು ಕಳೆದ ಅಕ್ಟೋಬರಿನಲ್ಲಿ,
ಪಂಕ್ಚರಾದ ಸೈಕಲ್ಲು ತಳ್ಳಿಕೊಂಡು ಚರ್ಚಿನ ಪಕ್ಕ ಹೋಗುತ್ತಿದ್ದಾಗ,
ಐದು ಗಂಟೆಗೆ ನನ್ನ ಕಿವಿ ಹಿಡಿದು ನಿಲ್ಲಿಸಿತು.
ಅದೇ ಗಂಟೆ.
ಆದರೆ ನನ್ನ ಕಿವಿಯೊಳಗಿನದಕ್ಕಿಂತ ಒಂದು ಮೆಟ್ಟಿಲು ಕೆಳಗೆ.
ಮೆಟ್ಟಿಲೂ ಅಲ್ಲ, ಅರ್ಧ ಸ್ವರ.

ಮಾರನೇ ದಿನ ಶ್ರುತಿಕವೆ ಹಿಡಿದು
ಚರ್ಚಿನ ಕಾವಲಿನ ವಿಲ್ಪು ಜೊತೆ ಗೋಪುರ ಹತ್ತಿದೆ.
ಗಂಟೆ ಬದಲಾಗಿಲ್ಲ, ಬಿರುಕಿಲ್ಲ, ಎರಕ ಹೊಯ್ದ ಇಸವಿಯೂ ಅದೇ.
‘ಕಂಚಿಗೆ ನೆಗಡಿಯಾಗುವುದಿಲ್ಲ’ ಅಂದ ವಿಲ್ಪು,
ಪಾರಿವಾಳದ ಹಿಕ್ಕೆ ಒದ್ದು ದಾರಿ ಮಾಡುತ್ತ.

ಹಾಗಾದರೆ ತಪ್ಪಿದ್ದು ತಟ್ಟೆ.
ಆ ದಿನದ ಚಳಿಗೆ ಯಂತ್ರದ ಎಣ್ಣೆ ಹೆಪ್ಪುಗಟ್ಟಿ
ಮೇಣ ನಿಧಾನ ತಿರುಗಿದೆ.
ನಿಧಾನ ಕೊರೆದದ್ದನ್ನು ನಾವು
ಎಪ್ಪತ್ತು ವರ್ಷ ಓಡಿಸಿಕೊಂಡೇ ಕೇಳಿದ್ದೇವೆ.

ಬೆರಳಲ್ಲಿ ಗುಂಡಿ ತಿರುವಿದೆ.
ಎಪ್ಪತ್ತೆಂಟು, ಎಪ್ಪತ್ತಾರು,
ಎಪ್ಪತ್ತಮೂರೂವರೆಗೆ ಬಂದಾಗ
ಗಂಟೆ ಗಂಟೆಯಾಯಿತು.
ನಾಲ್ಕು ನಿಮಿಷ ಹತ್ತು ಸೆಕೆಂಡಿನ ಹಾಡಿಗೆ
ಹದಿನೈದು ಸೆಕೆಂಡು ವಾಪಸು ಬಂತು.
ಚೆಲ್ಲೋಗಳು ನೆಲಕ್ಕೆ ಕಾಲೂರಿದವು.
ತುಂತುರೆಂದುಕೊಂಡಿದ್ದ ಹಾರ್ಪು
ತೊಟ್ಟಿಕ್ಕುವ ಸೂರಾಯಿತು.
ಹದಿನೆಂಟರ ಹುಡುಗಿ ಎದ್ದು ಹೋದಳು.
ಅವಳ ಜಾಗದಲ್ಲಿ ದಪ್ಪ ಶಾಲಿನ ಹೆಂಗಸೊಬ್ಬಳು ನಿಂತು
ಪ್ರತಿ ಸಾಲಿಗೂ ಮೊದಲು
ಮೇಲೆ ಬರಲೊಲ್ಲದ ಕೊಡವನ್ನು
ಬಾವಿಯಿಂದ ಸೇದುವಂತೆ ಉಸಿರು ಸೇದಿದಳು.

ಹಿರಿಯರ ಮನೆ, ಹದಿನಾಲ್ಕನೇ ಕೋಣೆ.
ಇರ್ಯಾಗೆ ಎಪ್ಪತ್ತೊಂಬತ್ತು.
ಯಂತ್ರ ಇಡಲು ಮೇಜಿನ ಮೇಲಿಂದ
ಹೆಣಿಗೆಯ ಬುಟ್ಟಿ ಸರಿಸಿದಳೇ ಹೊರತು
ಬಾ ಅನ್ನಲಿಲ್ಲ.
ಹಾಡು ಮುಗಿದು ಮುಳ್ಳು ಖಾಲಿ ಗೆರೆಯಲ್ಲಿ
ಕೆರೆಯುತ್ತ ಸುತ್ತುತ್ತಿತ್ತು. ಎತ್ತಲು ಹೋದೆ.
ಇರಲಿ, ಎಂದು ಕೈಸನ್ನೆ ಮಾಡಿದಳು.

‘ನೆಗಡಿ’ ಅಂದಳು ಆಮೇಲೆ.
‘ಅವತ್ತು ಅಮ್ಮನಿಗೆ ನೆಗಡಿ. ನನ್ನಿಂದ ಅಂಟಿದ್ದು.
ಮೂರನೇ ಚರಣ ಕೇಳು, ಮೂಗು ಕಟ್ಟಿದೆ.
ಇವಳು ಅಮ್ಮ.’

ಹೊಸ ಕಾರ್ಡು ತಂದಿದ್ದೆ.
ಕಾಲ: ವಿಳಂಬ. ಶ್ರುತಿ: ಡಿ ಮೈನರ್.
ಮೂರನೆಯ ಖಾನೆಯ ಮೇಲೆ ಪೆನ್ನು ನಿಂತಿದ್ದಾಗ
ಅವಳು ನನ್ನನ್ನೇ ದಿಟ್ಟಿಸಿ,
ನಾನು ಹುಟ್ಟುವ ಮೊದಲಿನ ಆ ಚಳಿಯಲ್ಲಿ
ನಾನೂ ಇದ್ದೆನೆಂಬಂತೆ ಗದರಿದಳು:

‘ಒಲೆ ಆರಿಸಬಾರದಿತ್ತು ನೀವು.’